ದಾವಣಗೆರೆಯ ದಿನಗೂಲಿ ಬೌಲರ್

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ನಾಲ್ಕಿವೆ. ಬೀದರಿನವರು ಒಬ್ಬರು, ರಾಯಚೂರಿನವರು ಇಬ್ಬರು, ಆಮೇಲೆ ದಾವಣಗೆರೆಯಿಂದ ಬಂದ ನಾವು. ಬೀದರಿನವರ ಮಗ ಹತ್ತನೇ ಕ್ಲಾಸು, ಕ್ರಿಕೆಟ್ ಹುಚ್ಚ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕವನು, "ಅಂಕಲ್, ನಿಮ್ಮ ದಾವಣಗೆರೆಯಿಂದ ಇಂಡಿಯಾಗೆ ಆಡಿದವರು ಯಾರರೆ ಅದಾರೇನ್ರಿ?" ಅಂತ ಕೇಳಿದ. ನಾನು ಎದೆಯುಬ್ಬಿಸಿ "ಇದಾರಲ್ಲಪ್ಪಾ, ವಿನಯ್ ಕುಮಾರ್" ಅಂದೆ. ಲಿಫ್ಟು ನಾಲ್ಕನೇ ಮಹಡಿಗೆ ಬರೋಷ್ಟರಲ್ಲಿ ಹುಡುಗ ಮೊಬೈಲಿನಲ್ಲಿ ಹುಡುಕಿಬಿಟ್ಟಿದ್ದ. "ಒಂದು ಟೆಸ್ಟ್, ಒಂದು ವಿಕೆಟ್. ಒನ್‌ಡೇದಾಗ ಒಂದ್ಸಲ 102 ರನ್ ಕೊಟ್ಟಾರ. ಇಷ್ಟೇ ಏನ್ರಿ ಅಂಕಲ್?"

ಅಷ್ಟರಲ್ಲಿ ಅವನ ಮಹಡಿ ಬಂತು, ಇಳಿದು ಹೋದ. ಅವನ ಪ್ರಶ್ನೆಗೆ ಉತ್ತರ ಇದೆ. ಆದರೆ ಲಿಫ್ಟಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಹಾಗಾಗಿ ಇಲ್ಲಿ ಬರೀತಿದ್ದೀನಿ.

ಮೊದಲಿಗೆ ಒಂದು ಪದದ ಕಥೆ.

ಅಮೆರಿಕದವರ ಬೇಸ್‌ಬಾಲ್‌ನಲ್ಲಿ 'ಜರ್ನಿಮ್ಯಾನ್' ಅನ್ನೋ ಮಾತು ಬಹಳ ಚಾಲ್ತಿಯಲ್ಲಿದೆ. ನಮ್ಮ ಬೌಲರ್ ಇದ್ದಹಾಗೆ ಅಲ್ಲಿ ಪಿಚರ್. ಓಡಿಬರೋದಿಲ್ಲ, ಮಣ್ಣಿನ ದಿಬ್ಬದ ಮೇಲೆ ನಿಂತು ಎಸೀತಾನೆ ಅಷ್ಟೇ ವ್ಯತ್ಯಾಸ. ಇಂಥ ಪಿಚರ್‌ಗಳಲ್ಲಿ ಕೆಲವರು ಒಂದೇ ತಂಡದಲ್ಲಿ ಇಪ್ಪತ್ತು ವರ್ಷ ಮಹಾರಾಜರ ಹಾಗೆ ಇರ್ತಾರೆ. ಇನ್ನು ಕೆಲವರು ವರ್ಷಕ್ಕೊಂದು ತಂಡ, ವರ್ಷಕ್ಕೊಂದು ಊರು. ಎಡ್ವಿನ್ ಜಾಕ್ಸನ್ ಅಂತ ಒಬ್ಬ ಇದ್ದ. 2003ರಲ್ಲಿ ಶುರು ಮಾಡಿ 2019ರ ಹೊತ್ತಿಗೆ 14 ತಂಡಗಳಿಗೆ ಆಡಿದ. ಅದು ದಾಖಲೆ. 2010ರಲ್ಲಿ ಒಂದು ದಿನ ಎದುರಾಳಿಗಳಿಗೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡದೆ ಎಸೆದ, ಅದೂ 149 ಎಸೆತ ಹಾಕಿ. ಮರುವರ್ಷ ಚಾಂಪಿಯನ್ ತಂಡದಲ್ಲಿದ್ದ. ಆದರೂ ಅವನ ಖಾತೆಯಲ್ಲಿ ಗೆಲುವು 107, ಸೋಲು 133! ಇಂಥವನನ್ನ ಅವರು ಜರ್ನಿಮ್ಯಾನ್ ಅಂತಾರೆ.

ಜರ್ನಿ ಅಂದ್ರೆ ಪ್ರಯಾಣ ತಾನೆ, ಊರೂರು ಅಲೆಯೋನು ಅಂತ ಅರ್ಥ ಇರಬೇಕು ಅಂತ ಅನ್ನಿಸುತ್ತೆ. ಅಲ್ಲವಂತೆ. ಆ ಪದದ ಬೇರು ಫ್ರೆಂಚಿನಲ್ಲಿ 'ದಿನ' ಅನ್ನೋ ಮಾತಿನಲ್ಲಿದೆ. ಹಳೇ ಕಾಲದ ಯೂರೋಪಿನಲ್ಲಿ ಬಡಗಿ, ಕಮ್ಮಾರ, ಚಮ್ಮಾರ ಎಲ್ಲರೂ ಮೊದಲು ಶಿಷ್ಯರಾಗಿ ದುಡೀತಿದ್ದರು. ಕೆಲಸ ಪೂರ್ತಿ ಕಲಿತ ಮೇಲೆ ಜರ್ನಿಮ್ಯಾನ್. ಅಂದ್ರೆ ಕಸುಬು ಗೊತ್ತಿದೆ, ಆದರೆ ಸ್ವಂತ ಅಂಗಡಿ ಇಲ್ಲ. ದಿನದ ಲೆಕ್ಕದಲ್ಲಿ ಕೂಲಿ. ನಮ್ಮ ಮಾತಿನಲ್ಲಿ ಹೇಳಬೇಕೂಂದ್ರೆ, ಕಸುಬು ಬಲ್ಲ ದಿನಗೂಲಿ.

ದಿನಗೂಲಿ ಅಂದ್ರೆ ಮೂಗು ಮುರೀಬೇಡಿ. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಶುರು ಮಾಡಿದ್ದು 'ಬದಲಿ' ಆಗಿ. ಕಾಯಂ ನೌಕರ ಯಾರಾದ್ರೂ ರಜೆ ಹಾಕಿದ್ರೆ ಅವತ್ತಿಗೆ ಮಾತ್ರ ಒಳಗೆ ಕರೀತಿದ್ದರು. ಬೆಳಗ್ಗೆ ಗೇಟಿನ ಮುಂದೆ ನಿಲ್ಲೋದು, ಹೆಸರು ಕರೆದರೆ ಕೆಲಸ, ಇಲ್ಲದಿದ್ದರೆ ಬುತ್ತಿ ಹಿಡ್ಕೊಂಡು ವಾಪಸ್ ಮನೆಗೆ. ಕರೆದ ದಿನ ರಾತ್ರಿ ಊಟಕ್ಕೆ ಕೂತಾಗ "ಇವತ್ತಿಂದು ಇವತ್ತಿಗೆ ಆತು" ಅನ್ನೋರು. ಅಷ್ಟೇ. ನಾಳೆ ಬಗ್ಗೆ ಮಾತೇ ಇಲ್ಲ.

ಈಗ ವಿನಯ್ ಕುಮಾರ್ ವಿಷಯಕ್ಕೆ ಬರೋಣ.

ರಂಗನಾಥ್ ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರವರಿ 12ಕ್ಕೆ, ದಾವಣಗೆರೆಯಲ್ಲಿ. ತಂದೆ ಆಟೋ ಓಡಿಸ್ತಿದ್ದರು. ನಮ್ಮೂರಿನಲ್ಲಿ ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ ಎಷ್ಟು ಪ್ರಸಿದ್ಧವೋ ಟೆನಿಸ್ ಬಾಲ್ ಟೂರ್ನಮೆಂಟುಗಳೂ ಅಷ್ಟೇ ಪ್ರಸಿದ್ಧ. ಆದರೆ ಟೆನಿಸ್ ಬಾಲಿನಲ್ಲಿ ಮೆರೆದವರೆಲ್ಲ ಕೊನೆಗೆ ಅಂಗಡಿಗೋ ಮಿಲ್ಲಿಗೋ ಸೇರಿಕೊಳ್ಳೋದೇ ವಾಡಿಕೆ. ರಾಜ್ಯ ತಂಡ ಅನ್ನೋದು ಬೆಂಗಳೂರಿನ ಲೀಗ್ ಆಡಿದವರ ಸೊತ್ತು ಅಂತ ನಾವೆಲ್ಲ ತಿಳಕೊಂಡಿದ್ದ ಕಾಲ ಅದು. ಆ ಕಾಲದಲ್ಲಿ ಈ ಹುಡುಗ ಹೋಗಿ 2004ರಲ್ಲಿ ಕರ್ನಾಟಕದ ರಣಜಿ ತಂಡಕ್ಕೆ ಸೇರಿಕೊಂಡ.

ಅವನಿಗೆ ಯಾರೋ 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ಹೆಸರಿಟ್ಟರು. ನಿಜ ಹೇಳಬೇಕು ಅಂದ್ರೆ ಎಕ್ಸ್‌ಪ್ರೆಸ್ ವೇಗ ಇರಲಿಲ್ಲ ಬಿಡಿ. ಗಂಟೆಗೆ 130 ಕಿಲೋಮೀಟರ್ ಆಸುಪಾಸು. ಜಾವಗಲ್ ಶ್ರೀನಾಥ್ ವೇಗ ಕಂಡಿದ್ದ ನಮಗೆ ಅದು ಪ್ಯಾಸೆಂಜರ್ ಗಾಡಿಯೇ. ಆದರೆ ಪ್ಯಾಸೆಂಜರ್ ಗಾಡಿಗೆ ಒಂದು ಗುಣ ಇರುತ್ತೆ ನೋಡಿ, ಎಲ್ಲಾ ಸ್ಟೇಷನ್ನಿನಲ್ಲೂ ನಿಲ್ಲುತ್ತೆ. ಹೊಸ ಚೆಂಡಿನಲ್ಲಿ ಹೊರಗೆ ಸ್ವಿಂಗ್, ಹಳೇ ಚೆಂಡಿನಲ್ಲಿ ಕಟ್ಟರ್, ನಿಧಾನದ ಎಸೆತ. ಮಧ್ಯಾಹ್ನ ನಾಲ್ಕು ಗಂಟೆ ಬಿಸಿಲಿನಲ್ಲಿ ಮೂರನೇ ಸ್ಪೆಲ್. ಬೆಳಗ್ಗೆ ಎಲ್ಲಿ ಚೆಂಡು ಬೀಳ್ತಿತ್ತೋ ಸಂಜೆಯೂ ಅಲ್ಲೇ ಬೀಳ್ತಿತ್ತು.

ಕರ್ನಾಟಕಕ್ಕೆ ಇಂಥ ಬೌಲರ್‌ಗಳು ಹೊಸಬರೇನಲ್ಲ. ದೊಡ್ಡ ಗಣೇಶ್ ಅವರನ್ನೇ ತಗೊಳ್ಳಿ. 1997ರಲ್ಲಿ ನಾಲ್ಕು ಟೆಸ್ಟ್, 5 ವಿಕೆಟ್. ಭಾರತ ಕಂಡದ್ದು ಅಷ್ಟನ್ನೇ. ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್ 365. ಅರಸೀಕೆರೆಯ ಡೇವಿಡ್ ಜಾನ್ಸನ್ 1996ರಲ್ಲಿ ಎರಡು ಟೆಸ್ಟ್ ಆಡಿ 3 ವಿಕೆಟ್ ತೆಗೆದರು. ಅವರಿಗೆ ಬೇಕಾದಷ್ಟು ವೇಗ ಇತ್ತು, ಆದರೂ ಬಾಗಿಲು ಮತ್ತೆ ತೆರೆಯಲಿಲ್ಲ. 2024ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ಪೇಪರಿನವರು ಬರೆದದ್ದೆಲ್ಲ ಆ ಎರಡು ಟೆಸ್ಟಿನ ಬಗ್ಗೆಯೇ. ಅವರ 125 ಪ್ರಥಮ ದರ್ಜೆ ವಿಕೆಟ್‌ಗಳಿಗೆ ಒಂದು ಸಾಲು ಸಿಕ್ಕಿದ್ದರೆ ಹೆಚ್ಚು. ವಿನಯ್ ಇವರದೇ ಸಾಲಿನವನು.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಫೈನಲ್ ನಿಮಗೆ ನೆನಪಿರಬೇಕು. ಮುಂಬೈ ಮೇಲೆ 338 ಬೆನ್ನಟ್ಟಿ 331ಕ್ಕೆ ಆಲೌಟ್. ಆರೇ ಆರು ರನ್ನಿನ ಸೋಲು! ಮನೀಶ್ ಪಾಂಡೆ 144 ಹೊಡೆದಿದ್ದ. ಮುಗಿದದ್ದು ಸಂಕ್ರಾಂತಿ ದಿನ. ಇಲ್ಲಿ ಹೈದರಾಬಾದಿನಲ್ಲಿ ಆಕಾಶದ ತುಂಬ ಗಾಳಿಪಟ. ನಾನು ಒಳಗೆ ಕಂಪ್ಯೂಟರಿನ ಮುಂದೆ ಕೂತು ಕ್ರಿಕ್‌ಇನ್ಫೋ ಪುಟವನ್ನ ರಿಫ್ರೆಶ್ ಮಾಡಿ ಮಾಡಿ ಬೆರಳು ಸವೆಸಿಕೊಳ್ತಿದ್ದೆ. ಎಳ್ಳು ಬೆಲ್ಲ ತಂದಿಟ್ಟ ನಮ್ಮ ಮನೆಯವಳು ನನ್ನ ಮುಖ ನೋಡಿ "ಊರಿಂದ ಏನಾದ್ರೂ ಫೋನ್ ಬಂತಾ?" ಅಂತ ಗಾಬರಿಯಿಂದ ಕೇಳಿದ್ದಳು.

ಅದೇ ವರ್ಷ ಮೇ ತಿಂಗಳಲ್ಲಿ ವಿನಯ್ ಭಾರತ ತಂಡಕ್ಕೆ ಮೊದಲ ಸಲ ಆಡಿದ. ಮೊದಲು ವೆಸ್ಟ್ ಇಂಡೀಸಿನಲ್ಲಿ ಟ್ವೆಂಟಿ-20, ಆಮೇಲೆ ಜಿಂಬಾಬ್ವೆಯಲ್ಲಿ ಒನ್‌ಡೇ. ಒಟ್ಟು 31 ಒನ್‌ಡೇ, 38 ವಿಕೆಟ್. ಕೆಟ್ಟ ಲೆಕ್ಕವೇನಲ್ಲ. ಆದರೆ ಜನ ನೆನಪಿಟ್ಟುಕೊಂಡದ್ದು ಎರಡೇ ದಿನ.

ಒಂದು, 2012ರ ಜನವರಿ, ಪರ್ತ್. ಭಾರತ ಆ ಸರಣಿಯಲ್ಲಿ ಆಗಲೇ ಎರಡು ಟೆಸ್ಟ್ ಸೋತಿತ್ತು. ಪಿಚ್ ನೋಡಿ ಅಶ್ವಿನ್‌ನ ಹೊರಗೆ ಕೂರಿಸಿ ನಾಲ್ಕನೇ ವೇಗದ ಬೌಲರ್ ಅಂತ ವಿನಯ್‌ಗೆ ಟೆಸ್ಟ್ ಕ್ಯಾಪ್ ಕೊಟ್ಟರು. ನಮ್ಮಪ್ಪನ ಭಾಷೆಯಲ್ಲಿ ಬದಲಿ! ಮೊದಲ ದಿನ ಭಾರತ 161ಕ್ಕೆ ಆಲೌಟ್. ಸಂಜೆ ಡೇವಿಡ್ ವಾರ್ನರ್ ಬಂದು 69 ಎಸೆತದಲ್ಲಿ ನೂರು ಬಾರಿಸಿದ. ನೂರು ಮುಟ್ಟಿದ್ದು ವಿನಯ್ ಎಸೆತಕ್ಕೆ ಸಿಕ್ಸರ್ ಎತ್ತಿ. ಜಗತ್ತಿನ ಎಲ್ಲಾ ಟೀವಿಗಳಲ್ಲೂ ಆ ಸಿಕ್ಸರ್ ಬಂತು. 13 ಓವರ್, 73 ರನ್, 1 ವಿಕೆಟ್. ಭಾರತ ಇನಿಂಗ್ಸ್ ಮತ್ತು 37 ರನ್‌ಗಳಿಂದ ಸೋತಿತು. ವಿನಯ್‌ನ ಟೆಸ್ಟ್ ಬದುಕು ಅಲ್ಲಿಗೆ ಮುಗೀತು.

ಎರಡನೆಯದು, 2013ರ ನವೆಂಬರ್ 2. ದೀಪಾವಳಿಯ ಹಿಂದಿನ ದಿನ, ಚಿನ್ನಸ್ವಾಮಿ ಸ್ಟೇಡಿಯಂ, ಅವನದೇ ರಾಜ್ಯದ ಜನರ ಮುಂದೆ. ರೋಹಿತ್ ಶರ್ಮಾ 16 ಸಿಕ್ಸರ್ ಸಹಿತ 209 ಹೊಡೆದ ಪಂದ್ಯ. ಆಸ್ಟ್ರೇಲಿಯಾ ಬೆನ್ನಟ್ಟಿದಾಗ ಫಾಕ್ನರ್ 116. ಎರಡೂ ಕಡೆ ಸೇರಿ 38 ಸಿಕ್ಸರ್, ಆಗ ಅದು ವಿಶ್ವದಾಖಲೆ. ಆ ಸರಣಿಯುದ್ದಕ್ಕೂ ಬೌಲರ್‌ಗಳನ್ನ ಬಟ್ಟೆ ಒಗೆದಹಾಗೆ ಒಗೆದಿದ್ದರು. ಚಿನ್ನಸ್ವಾಮಿಯಂಥ ಚಿಕ್ಕ ಮೈದಾನ, ವೃತ್ತದ ಹೊರಗೆ ನಾಲ್ಕೇ ಫೀಲ್ಡರು ಅನ್ನೋ ಹೊಸ ನಿಯಮ, ಬೌಲರ್ ಎಲ್ಲಿಗೆ ಹೋಗಬೇಕು ಹೇಳಿ? ವಿನಯ್ ಲೆಕ್ಕ: 9 ಓವರ್, 102 ರನ್, 1 ವಿಕೆಟ್. ಪಂದ್ಯ ಭಾರತವೇ 57 ರನ್‌ನಿಂದ ಗೆದ್ದಿತು, ಸರಣಿಯೂ ನಮ್ಮದಾಯಿತು. ಆದರೆ ಅದೇ ವಿನಯ್‌ನ ಕೊನೆಯ ಒನ್‌ಡೇ ಆಗಿಹೋಯಿತು.

ಮಾರನೇ ದಿನದಿಂದ ಜೋಕುಗಳ ಸುರಿಮಳೆ. ಬೌಲರ್ ಶತಕ ಬಾರಿಸಿದ, ಹಾಗೆ, ಹೀಗೆ. ದಾವಣಗೆರೆಯವನು ಅಂತ ನನಗೂ ಇಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಪುಕ್ಕಟೆ ಪಾಲು ಸಿಕ್ಕಿತು. ಒಬ್ಬ ತೆಲುಗು ಗೆಳೆಯ ತಿಂಗಳುಗಟ್ಟಲೆ ನನ್ನನ್ನ "ನೂಟ ರೆಂಡು ಗಾರು" ಅಂತಲೇ ಕರೀತಿದ್ದ!

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಪರ್ತ್‌ನಲ್ಲಿ 13 ಓವರ್, 78 ಎಸೆತ. ಬೆಂಗಳೂರಿನಲ್ಲಿ 9 ಓವರ್, 54 ಎಸೆತ. ಒಟ್ಟು 132. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಈ ಮನುಷ್ಯ ಹಾಕಿದ ಎಸೆತಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅವುಗಳನ್ನ ನೋಡಿದವರು ಯಾರು? ಖಾಲಿ ಸ್ಟ್ಯಾಂಡಿನಲ್ಲಿ ಪೇಪರ್ ಓದ್ತಾ ಕೂತ ನಾಲ್ಕು ಮಂದಿ ಹಿರಿಯರು, ಎರಡು ಬೀದಿ ನಾಯಿ, ಒಬ್ಬ ಸ್ಕೋರರ್. ನೋಡದೇ ಹೋದ ಇಪ್ಪತ್ತು ಸಾವಿರಕ್ಕೆ ಬೆಲೆ ಇಲ್ಲ, ನೋಡಿದ 132ಕ್ಕೆ ಮಾತ್ರ ಬೆಲೆ.

ನಾನು ಇಪ್ಪತ್ತನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದೀನಿ. 2001ರಲ್ಲಿ ಅಮೀರ್‌ಪೇಟೆಯ ರೂಮಿನಲ್ಲಿ ಆರು ಜನರ ಜತೆ ಇದ್ದು ಕೋರ್ಸ್ ಮುಗಿಸಿದವನು. ನಮ್ಮ ಕೆಲಸದ ಸ್ವಭಾವವೂ ಹೀಗೇ. ಹಿಡಿದ ಸಾವಿರ ತಪ್ಪುಗಳು ಯಾರ ಕಣ್ಣಿಗೂ ಬೀಳೋದಿಲ್ಲ, ಯಾಕಂದ್ರೆ ಅವು ಹೊರಗೆ ಹೋಗೋದೇ ಇಲ್ಲವಲ್ಲ! ಎಲ್ಲೋ ಯಾರದೋ ಕೈಯಿಂದ ಒಂದು ಜಾರಿದರೆ ಮಾತ್ರ ಮೀಟಿಂಗ್ ಕರೀತಾರೆ. ಹಾಗಾಗಿ ಬೌಲರ್‌ಗಳ ಸಂಕಟ ನನಗೆ ಬೇಗ ಅರ್ಥ ಆಗುತ್ತೆ.

102ರ ಮಾರನೇ ದಿನ ವಿನಯ್ ಏನು ಮಾಡಬೇಕಿತ್ತು? ಕೋಣೆಯ ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ರಣಜಿ ಸೀಸನ್ ಶುರುವಾಗಿತ್ತು, ಕರ್ನಾಟಕದ ನಾಯಕ ಅವನೇ. ಹೋಗಿ ಬೌಲ್ ಮಾಡಿದ. ಒಂದು ಪಂದ್ಯ, ಇನ್ನೊಂದು, ಮತ್ತೊಂದು. ತಂಡ ಫೈನಲ್‌ಗೆ ಬಂತು. ಫೈನಲ್ ಎಲ್ಲಿ ಗೊತ್ತಾ? ನಮ್ಮ ಹೈದರಾಬಾದಿನ ಉಪ್ಪಲ್ ಸ್ಟೇಡಿಯಮ್ಮಿನಲ್ಲಿ! ಎದುರಾಳಿ ಮಹಾರಾಷ್ಟ್ರ.

ಮಣಿಕೊಂಡ ಊರಿನ ಈ ತುದಿ, ಉಪ್ಪಲ್ ಆ ತುದಿ. ಆಗ ಮೆಟ್ರೋ ಇರಲಿಲ್ಲ. ರಾಯಚೂರಿನ ಗೆಳೆಯರ ಜತೆ ಬೈಕಿನಲ್ಲಿ ಮೆಹದಿಪಟ್ಟಣ, ಕೋಠಿ, ಅಂಬರ್‌ಪೇಟ್, ರಾಮಂತಾಪುರ ದಾಟಿ ಹೋಗಬೇಕು. ಶನಿವಾರ, ಭಾನುವಾರ ಎರಡು ದಿನವೂ ಹೋದೆವು. ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ಜನ ಅಂದ್ರೆ ಅಲ್ಲೊಬ್ಬ ಇಲ್ಲೊಬ್ಬ. ಆದರೆ ಇದ್ದವರಲ್ಲಿ ಅರ್ಧಕ್ಕರ್ಧ ಕನ್ನಡದವರು! ಟಿಫಿನ್ ಡಬ್ಬಿ ತೆಗೆದು ಚಿತ್ರಾನ್ನ ಹಂಚಿಕೊಂಡೆವು. ಯಾರೋ "ಲೇ ವಿನಯಾ, ಇನ್ನೊಂದು ಹಾಕಲೇ" ಅಂತ ಪಕ್ಕಾ ನಮ್ಮೂರ ಧಾಟಿಯಲ್ಲಿ ಕೂಗಿದರು. ತಿರುಗಿ ನೋಡಿದರೆ ಹರಿಹರದವರಂತೆ, ಕುಕಟ್‌ಪಲ್ಲಿಯಲ್ಲಿ ಇರೋದಂತೆ.

ಶನಿವಾರ ಮಹಾರಾಷ್ಟ್ರದ ಎರಡನೇ ಇನಿಂಗ್ಸ್. ಟೀವಿಯಲ್ಲಿ ಕಾಣದ ಎಷ್ಟೋ ಸಂಗತಿ ಮೈದಾನದಲ್ಲಿ ಕಾಣುತ್ತೆ. ಒಂದು ಓವರ್ ಮುಗಿಸಿ ನಡೆದುಕೊಂಡು ಹೋಗುವಾಗ ಚೆಂಡನ್ನ ಪ್ಯಾಂಟಿಗೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡದ್ದು. ಕ್ಯಾಚ್ ಕೈಬಿಟ್ಟ ಹುಡುಗನಿಗೆ ಬೈಯದೆ ಬರೀ ಚಪ್ಪಾಳೆ ತಟ್ಟಿ ಜಾಗಕ್ಕೆ ಹೋಗು ಅಂತ ಸನ್ನೆ ಮಾಡಿದ್ದು. ವಿಕೆಟ್ ಬೀಳದೇ ಇದ್ದಾಗಲೂ ಅದೇ ಗುರುತಿನಿಂದ ಅದೇ ಹೆಜ್ಜೆ ಲೆಕ್ಕ ಹಾಕಿ ಓಡಿ ಬಂದದ್ದು. ಅಪ್ಪ ಮಿಲ್ಲಿನಿಂದ ಬಂದು ಕಾಲು ತೊಳೆಯೋದು ಯಾಕೋ ನೆನಪಾಯಿತು.

ಭಾನುವಾರ ಗುರಿ 157. ಕರ್ನಾಟಕ ಏಳು ವಿಕೆಟ್‌ನಿಂದ ಗೆದ್ದಿತು. ಮೊದಲ ಇನಿಂಗ್ಸಿನಲ್ಲಿ ಕೆ.ಎಲ್. ರಾಹುಲ್ 131, ಗಣೇಶ್ ಸತೀಶ್ 117 ಹೊಡೆದು 515ಕ್ಕೆ ಮುಟ್ಟಿಸಿದ್ದರು. 1998-99ರಲ್ಲಿ ಗೆದ್ದದ್ದೇ ಕೊನೆ, ಹದಿನೈದು ವರ್ಷ ಆದಮೇಲೆ ರಣಜಿ ಟ್ರೋಫಿ ಮತ್ತೆ ಕರ್ನಾಟಕಕ್ಕೆ. ಕಪ್ ಎತ್ತಿದವನು ಆಟೋ ಡ್ರೈವರ್ ಮಗ.

ತಾರೀಖು ಗಮನಿಸಿ: 2014ರ ಫೆಬ್ರವರಿ 2. ಆ ನವೆಂಬರ್ 2ರಿಂದ ಸರಿಯಾಗಿ ಮೂರು ತಿಂಗಳು! ಈ ಎರಡು ತಾರೀಖಿನಲ್ಲಿ ಜಗತ್ತು ಒಂದನ್ನ ಇಟ್ಟುಕೊಂಡು ಇನ್ನೊಂದನ್ನ ಮರೆತಿದೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದೀನಿ. ಆ ಮೂರು ತಿಂಗಳಲ್ಲಿ ಅವನು ದೊಡ್ಡ ಮಾತೇನೂ ಆಡಿರಲಿಲ್ಲ. ಮುಂದಿನ ಪಂದ್ಯಕ್ಕೆ ಹೋಗಿದ್ದ, ಅಷ್ಟೇ.

ಆ ಸೀಸನ್ನಿನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕರ್ನಾಟಕಕ್ಕೆ. ಮುಂದಿನ ಸೀಸನ್ನಿನಲ್ಲಿ ಮತ್ತೆ ಮೂರಕ್ಕೆ ಮೂರು. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಮೇಲೆ ಫೈನಲ್. ಕರುಣ್ ನಾಯರ್ 328 ಹೊಡೆದದ್ದು ಎಲ್ಲರಿಗೂ ಗೊತ್ತು. ಅದೇ ಪಂದ್ಯದಲ್ಲಿ ವಿನಯ್ 34 ರನ್ನಿಗೆ 5 ವಿಕೆಟ್ ತೆಗೆದು, ಆಮೇಲೆ ಔಟಾಗದೆ 105 ಹೊಡೆದ. ಬೌಲರ್ ನಿಜವಾಗಿ ಶತಕ ಬಾರಿಸಿದ ದಿನ ಜೋಕು ಮಾಡೋರು ಯಾರೂ ಇರಲಿಲ್ಲ ನೋಡಿ!

ಐಪಿಎಲ್‌ನಲ್ಲಂತೂ ಅವನು ಅಪ್ಪಟ ಜರ್ನಿಮ್ಯಾನ್. ಬೆಂಗಳೂರು, ಕೊಚ್ಚಿ, ಮತ್ತೆ ಬೆಂಗಳೂರು, ಕೋಲ್ಕತ್ತ, ಮುಂಬೈ, ಮತ್ತೆ ಕೋಲ್ಕತ್ತ. 105 ಪಂದ್ಯ, 105 ವಿಕೆಟ್. ಪಂದ್ಯಕ್ಕೊಂದು, ಕೂಲಿ ಲೆಕ್ಕ ಸರಿಹೋಯಿತು. 2018ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ಕೊನೆ ಓವರಿಗೆ 17 ಉಳಿಸಬೇಕಿತ್ತು, ಆಗಲಿಲ್ಲ. ಅದಕ್ಕೂ ನಾಲ್ಕು ತಿಂಗಳ ಮುಂಚೆ ನಾಗಪುರದಲ್ಲಿ ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಇದೇ ಬೌಲರ್ ಮುಂಬೈ ಮೇಲೆ ಹ್ಯಾಟ್ರಿಕ್ ಸಹಿತ 6 ವಿಕೆಟ್ ತೆಗೆದಿದ್ದ. ಆ ಕೊನೆ ಓವರಿನ ವಿಡಿಯೋ ಈಗಲೂ ಓಡಾಡುತ್ತೆ, ಹ್ಯಾಟ್ರಿಕ್‌ದು ಹುಡುಕಬೇಕು.

ಇಷ್ಟೆಲ್ಲದರಲ್ಲಿ ನನಗೆ ಬಹಳ ಇಷ್ಟವಾಗೋದು ಕೊನೆಯ ಅಧ್ಯಾಯ. 2019ರಲ್ಲಿ ಅವನಿಗೆ 35 ವರ್ಷ. ಹದಿನೈದು ವರ್ಷ ದುಡಿದ ಕರ್ನಾಟಕ ತಂಡ ಬಿಟ್ಟು ಪುದುಚೇರಿಗೆ ಹೋದ. ಪುದುಚೇರಿ ರಣಜಿಗೆ ಬಂದದ್ದೇ ಹಿಂದಿನ ವರ್ಷ, ಆಡೋದು ಪ್ಲೇಟ್ ಗುಂಪಿನಲ್ಲಿ. ಎರಡು ಸಲ ರಣಜಿ ಟ್ರೋಫಿ ಎತ್ತಿದ ನಾಯಕನಿಗೆ ಅದು ಮೆಟ್ಟಿಲು ಇಳಿದಹಾಗೆ ಅಲ್ಲವೇ? ಇಳಿದ. ಇಳಿದು ಆ ಒಂದು ಸೀಸನ್ನಿನಲ್ಲಿ 45 ವಿಕೆಟ್ ತೆಗೆದ. ಒಟ್ಟು ಲೆಕ್ಕ 139 ಪಂದ್ಯ, 504 ವಿಕೆಟ್. ಕರ್ನಾಟಕದಲ್ಲಿ ನಿಂತೇ ಹೋಗಿದ್ದರೆ ಐನೂರು ಆಗ್ತಿರಲಿಲ್ಲ. ಆ ಐನೂರು ದಾಟಿಸಿದ್ದು ಯಾರೂ ನೋಡದ ಪ್ಲೇಟ್ ಗುಂಪಿನ ಕೂಲಿ.

ಇದು ನನಗೆ ಯಾಕೆ ಇಷ್ಟು ಹತ್ತಿರ ಅಂದ್ರೆ, ಹೋದ ವರ್ಷ ನಾನಿದ್ದ ಕಂಪನಿಯವರು ನಮ್ಮ ಇಡೀ ಟೀಮನ್ನ ಒಂದೇ ವಿಡಿಯೋ ಕಾಲಿನಲ್ಲಿ ಮನೆಗೆ ಕಳಿಸಿದರು. ಹನ್ನೆರಡು ನಿಮಿಷದ ಕಾಲು. ಐವತ್ತರ ಹೊಸ್ತಿಲಲ್ಲಿ ನಿಂತವನಿಗೆ ಈ ಊರಿನಲ್ಲಿ ಕಾಯಂ ಕೆಲಸ ಸುಲಭಕ್ಕೆ ಸಿಗೋದಿಲ್ಲ. ಸಿಕ್ಕಿದ್ದು ಆರು ತಿಂಗಳ ಕಾಂಟ್ರಾಕ್ಟ್, ಚಿಕ್ಕ ಕಂಪನಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮ್ಯಾನೇಜರ್. ನೆಂಟರು ಫೋನ್ ಮಾಡಿ "ಇಷ್ಟು ವರ್ಷ ಆದಮೇಲೆ ಇದಕ್ಕೆ ಹೋಗ್ತೀಯಾ?" ಅಂತ ಮರುಗಿದರು. ಊರಲ್ಲಿರೋ ಅಪ್ಪ ಮಾತ್ರ ಮರುಗಲಿಲ್ಲ. "ಕೆಲ್ಸ ಬರ್ತೈತಲ್ಲ, ಹೋಗಪ್ಪಾ" ಅಂದರು.

ಹೋಗ್ತಿದ್ದೀನಿ. ಮೊದಲ ಕಾಂಟ್ರಾಕ್ಟ್ ಮುಗಿದು ಈಗ ಎರಡನೆಯದು ನಡೀತಿದೆ. ನಾನೇನು 504 ವಿಕೆಟ್ ತೆಗೆದವನಲ್ಲ, ಹೋಲಿಕೆ ಅಲ್ಲಿಗೇ ನಿಲ್ಲಲಿ. ಆದರೆ ಬೆಳಗ್ಗೆ ಕಂಪ್ಯೂಟರ್ ತೆಗೆದು ಮೊದಲ ಟೆಸ್ಟ್ ಓಡಿಸುವಾಗ, ಕಸುಬು ಗೊತ್ತಿದ್ದವನಿಗೆ ಗುಂಪು ಎಲೀಟಾದರೇನು ಪ್ಲೇಟಾದರೇನು ಅನ್ನೋ ಧೈರ್ಯ ಇರುತ್ತೆ. ಆ ಧೈರ್ಯ ಸಾಲಕ್ಕೆ ಬಂದದ್ದು ಪುದುಚೇರಿಯಿಂದ.

2021ರ ಫೆಬ್ರವರಿ 26ಕ್ಕೆ ವಿನಯ್ ನಿವೃತ್ತಿ ಹೇಳಿದ. ದಾವಣಗೆರೆ ಎಕ್ಸ್‌ಪ್ರೆಸ್ ಎಷ್ಟೋ ಸ್ಟೇಷನ್ ದಾಟಿ ಕೊನೆಗೆ ನಿವೃತ್ತಿ ಅನ್ನೋ ಸ್ಟೇಷನ್ನಿಗೆ ಬಂತು ಅನ್ನೋ ಅರ್ಥದಲ್ಲಿ ತಾನೇ ಬರೆದುಕೊಂಡ. ಪರ್ತ್ ಬಗ್ಗೆಯಾಗಲಿ 102ರ ಬಗ್ಗೆಯಾಗಲಿ ಗೊಣಗಾಟ ಇಲ್ಲ. ಆಮೇಲೆ ಮುಂಬೈ ಇಂಡಿಯನ್ಸ್‌ಗೆ ಹೊಸ ಹುಡುಗರನ್ನ ಹುಡುಕಿಕೊಡೋ ಕೆಲಸಕ್ಕೆ ಸೇರಿದ. ಅಂದ್ರೆ ಈ ಸಲ ಖಾಲಿ ಸ್ಟ್ಯಾಂಡಿನಲ್ಲಿ ಕೂತು, ಯಾರೂ ನೋಡದ ಬೌಲರ್‌ಗಳನ್ನ ನೋಡೋ ಕೆಲಸ. ಅದಕ್ಕೆ ಅವನಿಗಿಂತ ಸರಿಯಾದವರು ಸಿಗ್ತಿರಲಿಲ್ಲ ಬಿಡಿ.

ನಿಮ್ಮೂರಿನಲ್ಲೂ ಇಂಥವರು ಒಬ್ಬರು ಇದ್ದೇ ಇರ್ತಾರೆ. ಕ್ರಿಕೆಟ್ಟೇ ಆಗಬೇಕಂತಿಲ್ಲ, ಕಬಡ್ಡಿ, ನಾಟಕ, ಹಾರ್ಮೋನಿಯಂ ಯಾವುದೂ ಆಗಬಹುದು. ಜನ ಒಂದು ಕೆಟ್ಟ ದಿನವನ್ನ ನೆನಪಿಟ್ಟು ಉಳಿದ ಸಾವಿರ ದಿನ ಮರೆತವರು. ಗೊತ್ತಿದ್ದರೆ ನೀವೂ ಬರೀರಿ. ಅವರ ಉಳಿದ ದಿನಗಳ ಲೆಕ್ಕ ಎಲ್ಲಾದರೂ ಒಂದು ಕಡೆ ಇರಲಿ.